ಭೀಮಗಡದ ಕಾಡಿನಲ್ಲಿ ಎರಡು ರಾತ್ರಿ ತಂಗುವವರಿಗೆ

ಬೆಳಗಾವಿಯಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವವರಿಗೆ ಭೀಮಗಡದಲ್ಲಿ ರಸ್ತೆ ಕಾಣುತ್ತದೆಯೇ ಹೊರತು ಕಾಡು ಕಾಣುವುದಿಲ್ಲ. ಆದ್ದರಿಂದ ಕನಿಷ್ಠ ಎರಡು ರಾತ್ರಿಯನ್ನಾದರೂ ಇಟ್ಟುಕೊಳ್ಳಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಈ ಅರಣ್ಯ ಖಾನಾಪುರ ತಾಲ್ಲೂಕಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ಹರಡಿದ್ದು, ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ವಸತಿಯನ್ನು ಕಾಯ್ದಿರಿಸುವಾಗಲೇ ನಡಿಗೆಯ ಅನುಮತಿಯನ್ನೂ ಮಾರ್ಗದರ್ಶಕರನ್ನೂ ಕೇಳಿ ಗೊತ್ತುಮಾಡಿಕೊಳ್ಳಿ, ಏಕೆಂದರೆ ಕೋಣೆ ಸಿಕ್ಕ ಮಾತ್ರಕ್ಕೆ ಕಾಡಿನೊಳಗೆ ಕಾಲಿಡುವ ಪರವಾನಗಿ ಸಿಕ್ಕಂತಾಗುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಮೇಲು. ಮಳೆಗಾಲದಲ್ಲಿ ಹಳ್ಳಗಳು ತುಂಬಿರುತ್ತವೆ, ಉಂಬಳಗಳ ಕಾಟವೂ ಹೆಚ್ಚು.

ನಡಿಗೆಯನ್ನು ಬೆಳಕು ಹರಿಯುವ ಹೊತ್ತಿಗೇ ಆರಂಭಿಸಿ. ಹುಲಿಯನ್ನೇ ನೋಡುತ್ತೇನೆಂದು ಹೊರಟವರು ಇಲ್ಲಿ ಬೇಸರಪಟ್ಟುಕೊಂಡೇ ಮರಳುತ್ತಾರೆ, ಏಕೆಂದರೆ ದಟ್ಟ ಕಾಡಿನಲ್ಲಿ ಪ್ರಾಣಿಗಿಂತ ಮೊದಲು ಸಿಗುವುದು ಅದರ ಗುರುತು. ಮೊಸಳೆಯ ಬೆನ್ನಿನಂತೆ ಬಿರಿದ ಮತ್ತಿಮರದ ತೊಗಟೆ, ಅದರ ಬುಡದಲ್ಲಿ ಕರಡಿ ಗೆದ್ದಲು ತಿನ್ನಲು ಕೆದರಿದ ಹುತ್ತ, ಹೊರಚೆಲ್ಲಿದ ಮಣ್ಣಿನ ಮೇಲೆ ಇನ್ನೂ ಮಾಸದ ಉಗುರಿನ ಗೆರೆಗಳು: ಇವುಗಳ ಎದುರು ಹತ್ತು ನಿಮಿಷ ಸುಮ್ಮನೆ ನಿಂತರೆ ಮಾರ್ಗದರ್ಶಕರು ತಾವಾಗಿಯೇ ಮಾತಿಗಿಳಿಯುತ್ತಾರೆ. ಕಾಟಿ, ಅಂದರೆ ಕಾಡುಕೋಣ, ಎದುರಾದರೆ ಓಡದೆ, ಫೋಟೊಗಾಗಿ ಮುಂದೆಯೂ ಹೋಗದೆ, ಮಾರ್ಗದರ್ಶಕರ ಹಿಂದೆ ನಿಲ್ಲಿ.

ಈ ಕಾಡಿನಲ್ಲಿರುವ ಬಾರಾಪೇಡೆ ಗುಹೆಗಳನ್ನು ಮಾತ್ರ ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. 1913ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ರಾಟನ್ ಬಾವಲಿ ಮೊದಲು ಸಿಕ್ಕಿದ್ದು ಅಲ್ಲೇ. ಅತಿ ವಿರಳವಾದ ಆ ಜೀವಿಗೆ ಟಾರ್ಚಿನ ಬೆಳಕು, ಮಾತಿನ ಸದ್ದು ಎರಡೂ ಉಪದ್ರವವೇ. ಭೀಮಗಡದ ಕೋಟೆ ಹತ್ತಲು ಅರಣ್ಯ ಇಲಾಖೆ ಒಪ್ಪಿದರೆ ಹತ್ತಬಹುದು, ಒಪ್ಪದಿದ್ದರೆ ವಾದ ಬೇಡ.

ಮಧ್ಯಾಹ್ನದ ಹೊತ್ತನ್ನು ಜನರಿಗಾಗಿ ಉಳಿಸಿಕೊಳ್ಳಿ. ಎಮ್ಮೆ ಸಾಕುವ ಗೌಳಿಗರು ಈ ಭಾಗದ ಕಾಡಂಚಿನಲ್ಲಿದ್ದಾರೆ. ಆಫ್ರಿಕಾ ಮೂಲದ ಸಿದ್ದಿಗಳ ಮನೆಗಳೂ ಖಾನಾಪುರ ತಾಲ್ಲೂಕಿನಲ್ಲಿವೆ. ಮನೆಮಾತು ಮರಾಠಿಯೋ ಕೊಂಕಣಿಯೋ ಆಗಿರುವುದರಿಂದ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಸಂಕೋಚ ಬೇಗ ಕರಗುತ್ತದೆ. ಸಿದ್ದಿಗಳ ಡಮಾಮಿ ಕುಣಿತವನ್ನು ನೋಡಬೇಕೆಂದಿದ್ದರೆ ಊಟದ ಜೊತೆಗೆ ಬರುವ ಮನರಂಜನೆಯೆಂದು ಭಾವಿಸಬೇಡಿ. ಅದು ಅವರ ಹಬ್ಬಹುಣ್ಣಿಮೆಗೆ ಸೇರಿದ್ದು. ಕೆಲವು ದಿನ ಮುಂಚೆಯೇ ಊರಿನ ಹಿರಿಯರಿಗೆ ಹೇಳಿಕಳಿಸಿ, ಸಂಭಾವನೆಯನ್ನು ಅವರಿಂದಲೇ ಕೇಳಿ ತಿಳಿದು, ಮಧ್ಯವರ್ತಿಯ ಕೈಗಲ್ಲದೆ ಬಾರಿಸುವವರ, ಕುಣಿಯುವವರ ಕೈಗೇ ಕೊಡಿ. ಸುಗ್ಗಿಯೆಂದೋ ಸೂತಕವೆಂದೋ ಅವರು ಆಗದೆಂದರೆ ಬಲವಂತ ಮಾಡದೆ, ಒಂದು ಲೋಟ ಚಹಾ ಕುಡಿದು, ಕತ್ತಲಾಗುವ ಮೊದಲು ಶಿಬಿರಕ್ಕೆ ಮರಳಿ.