ಕೀಲು ಬಿಗಿದುಕೊಳ್ಳುವ ಮೊದಲು: ಮನೆಯಲ್ಲೇ ಪರೀಕ್ಷಿಸಿ, ಮನೆಯಲ್ಲೇ ಸಡಿಲಿಸಿಕೊಳ್ಳುವುದು ಹೇಗೆ?

ಕುರ್ಚಿಯಿಂದ ಏಳುವಾಗ ಮೈ ಏನು ಮಾಡುತ್ತದೆ ಎಂದು ಒಮ್ಮೆ ಗಮನಿಸಿ. ಮೊದಲು ಪಾದಗಳು ತಾವಾಗಿಯೇ ಹಿಂದಕ್ಕೆ ಸರಿಯುತ್ತವೆ. ಆಮೇಲೆ ಮೈ ಮುಂದಕ್ಕೆ ಬಾಗುತ್ತದೆ, ಮಂಡಿಗಳು ಕಾಲ್ಬೆರಳಿನ ಕಡೆ ಸಾಗುತ್ತವೆ. ಭಾರವೆಲ್ಲ ಪಾದದ ಮೇಲೆ ಬಂದ ಮೇಲಷ್ಟೇ ಕಾಲು ನಮ್ಮನ್ನು ಎತ್ತುತ್ತದೆ. ಈಗ ಬೇಕೆಂದೇ ಪಾದಗಳನ್ನು ಮುಂದಕ್ಕೆ ಚಾಚಿಟ್ಟು ಏಳಲು ನೋಡಿ. ಆಗುವುದೇ ಇಲ್ಲ, ಕೈ ಕುರ್ಚಿಯ ಹಿಡಿಯನ್ನು ಹುಡುಕುತ್ತದೆ. ಪಾದದ ಕೀಲು ಬಿಗಿದುಕೊಂಡವರು ದಿನವೂ ಪಡುವ ಪಾಡು ಹೆಚ್ಚುಕಮ್ಮಿ ಇದೇ. ಆದರೆ ಅವರು ಬೈದುಕೊಳ್ಳುವುದು ಮಾತ್ರ ಮಂಡಿಯನ್ನು.

ಎಷ್ಟೋ ಸಲ ಹೀಗೇ. ಒಂದು ಕೀಲು ತನ್ನ ಪಾಲಿನ ಕೆಲಸ ಬಿಟ್ಟರೆ ಅದರ ಮೇಲಿನದೋ ಕೆಳಗಿನದೋ ಹೆಚ್ಚು ದುಡಿಯಬೇಕಾಗುತ್ತದೆ. ಸೊಂಟದ ಕೀಲು ಬಗ್ಗದಿದ್ದರೆ ಕೆಳಬೆನ್ನು ಬಗ್ಗುತ್ತದೆ. ಮೇಲ್ಬೆನ್ನು ತಿರುಗದಿದ್ದರೆ ಕತ್ತು ತಿರುಗುತ್ತದೆ. ಕೆಲಸವೇನೋ ಆಗುತ್ತದೆ, ಅದಕ್ಕೇ ನಮಗೆ ಬೇಗ ಗೊತ್ತಾಗುವುದಿಲ್ಲ.

ಕೀಲು ಬಿಗಿಯುವುದೇಕೆ? ವಯಸ್ಸು ಒಂದು ಕಾರಣ, ಬಳಸದೆ ಬಿಡುವುದು ಇನ್ನೊಂದು. ಎರಡನೆಯದು ನಮ್ಮ ಕೈಯಲ್ಲಿದೆ. ಕೀಲಿನಲ್ಲಿ ಸೇರುವ ಮೂಳೆಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ಇದರೊಳಗೆ ರಕ್ತನಾಳಗಳಿಲ್ಲ. ಹಾಗಾಗಿ ಇದಕ್ಕೆ ಆಹಾರ ಸಿಗುವುದು ಮುಖ್ಯವಾಗಿ ಕೀಲಿನೊಳಗಿನ ಜಾರುದ್ರವದಿಂದ. ಭಾರ ಬಿದ್ದಾಗ ಹೊದಿಕೆ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಭಾರ ಇಳಿದಾಗ ದ್ರವವನ್ನು ಮತ್ತೆ ಹೀರಿಕೊಳ್ಳುತ್ತದೆ. ಅಂದರೆ ಕೀಲು ಅಲುಗಾಡಿದರೇ ಅದಕ್ಕೆ ಊಟ. ಮೂಳೆ ಮುರಿದು ಕೆಲವು ವಾರ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಕೇಳಿ. ಬಿಚ್ಚಿದ ದಿನ ಮೊಣಕೈ ಮಡಚಲೂ ಬರುವುದಿಲ್ಲ, ಚಾಚಲೂ ಬರುವುದಿಲ್ಲ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಮೈ ಬಳುಕುತ್ತದೆ ಎಂದ ಮಾತ್ರಕ್ಕೆ ಕೀಲು ಚೆನ್ನಾಗಿದೆ ಎಂದಲ್ಲ. ಅಂಗಾತ ಮಲಗಿ ಒಂದು ಮಂಡಿಯನ್ನು ಎರಡೂ ಕೈಯಿಂದ ಎದೆಯತ್ತ ಎಳೆದುಕೊಳ್ಳಿ. ಈಗ ಕೈ ಬಿಟ್ಟು, ಮಂಡಿಯನ್ನು ಅಲ್ಲೇ ನಿಲ್ಲಿಸಿ ನೋಡೋಣ. ಸ್ವಲ್ಪ ಕೆಳಗೆ ಜಾರಿತು ಅಲ್ವಾ? ಆ ಜಾರಿದ ಅಂತರದಲ್ಲಿ ಕೀಲು ಬಗ್ಗುತ್ತದೆ, ಆದರೆ ನಿಮ್ಮ ಸ್ನಾಯುವಿಗೆ ಅಲ್ಲಿ ಹಿಡಿತ ಇಲ್ಲ. ಎಡವಿದಾಗ ಕಾಲನ್ನು ತಟ್ಟನೆ ಎತ್ತಿಡಲು ಬೇಕಿರುವುದು ಹಿಡಿತವಿರುವ ಚಲನೆ. ಅದಕ್ಕೇ ಸುಮ್ನೆ ಎಳೆದು ಹಿಡಿಯುವ ಸ್ಟ್ರೆಚಿಂಗ್ ಒಂದೇ ಸಾಲದು.

ದೀರ್ಘಕಾಲದ ಆರೋಗ್ಯಕ್ಕೂ ಇದಕ್ಕೂ ನಂಟಿದೆಯೇ? ಬ್ರೆಜಿಲ್‌ನಲ್ಲಿ 51ರಿಂದ 80 ವರ್ಷದ 2,002 ಜನರಿಗೆ ನೆಲದ ಮೇಲೆ ಕುಳಿತು ಏಳುವ ಪರೀಕ್ಷೆ ಕೊಟ್ಟು, ಕೆಲವು ವರ್ಷ ಅವರ ಮೇಲೆ ಗಮನ ಇಟ್ಟಿದ್ದರು. 2012ರಲ್ಲಿ ಫಲಿತಾಂಶ ಬಂತು. ಕೈ, ಮಂಡಿ ಊರದೆ ಎದ್ದವರಿಗಿಂತ ಬಹಳ ಆಸರೆ ಬೇಕಾದವರಲ್ಲಿ ಆ ಅವಧಿಯಲ್ಲಿ ಸಾವು ಜಾಸ್ತಿ ಇತ್ತು. ಇದನ್ನು ಓದಿ ಗಾಬರಿಯಾಗಬೇಡಿ. ಈ ಪರೀಕ್ಷೆಯಲ್ಲಿ ಕೀಲಿನ ಜೊತೆ ಸ್ನಾಯುಬಲ, ಸಮತೋಲನ, ಮೈತೂಕ ಎಲ್ಲವೂ ಸೇರಿದೆ. ಏಳಲು ಕಲಿತರೆ ಆಯಸ್ಸು ಹೆಚ್ಚುತ್ತದೆ ಎಂದೂ ಇದರ ಅರ್ಥವಲ್ಲ.

ಮೊದಲು ಅಳತೆ

ಬರಿಗಾಲಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿ. ಬಲಗಾಲಿನ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇರಲಿ, ಎಡಗಾಲು ಹಿಂದೆ. ಕೈಗಳನ್ನು ಗೋಡೆಗೆ ಆನಿಸಿಕೊಳ್ಳಿ. ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಒಳ್ಳೆಯದು. ಮುಟ್ಟದಿದ್ದರೆ ಪಾದವನ್ನು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿ, ಎಲ್ಲಿ ಮುಟ್ಟುತ್ತದೋ ಆ ದೂರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ. ಎರಡೂ ಕಾಲಿಗೆ ಬೇರೆ ಬೇರೆ. ಹಿಂದೆಂದೋ ಉಳುಕಿದ್ದ ಕಾಲು ಇಲ್ಲಿ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ: ಕೀಲು ಬಿಗಿಯಾಗಿದ್ದರೆ ಮಂಡಿ ಉಪಾಯ ಮಾಡಿ ಒಳಗಡೆಗೆ ವಾಲುತ್ತದೆ, ಪಾದದ ಕಮಾನು ಚಪ್ಪಟೆಯಾಗುತ್ತದೆ. ಹಾಗಾದರೆ ಆ ಅಳತೆ ಲೆಕ್ಕಕ್ಕಿಲ್ಲ. ಮಂಡಿ ಎರಡನೇ ಬೆರಳಿನ ನೇರಕ್ಕೇ ಸಾಗಬೇಕು.

ಪಾದದಿಂದ ಶುರು

ಅಳತೆ ಮಾಡಿದ್ದೇ ವ್ಯಾಯಾಮವೂ ಹೌದು. ಮಂಡಿಯನ್ನು ಗೋಡೆಯತ್ತ ನಿಧಾನ ಒಯ್ದು, ಎರಡು ಸಲ ಉಸಿರಾಡುವಷ್ಟು ಹೊತ್ತು ಅಲ್ಲೇ ಇರಿಸಿ, ವಾಪಸ್ ತನ್ನಿ. ಪ್ರತಿ ಕಾಲಿಗೆ ಹತ್ತು ಸಲ. ಮೀನಖಂಡದಲ್ಲಿ ಎಳೆತ ಅನ್ನಿಸಿದರೆ ಸರಿ. ಪಾದದ ಮುಂಭಾಗದಲ್ಲಿ ಚಿವುಟಿದಂತೆ ನೋವಾದರೆ ಅಷ್ಟು ಮುಂದೆ ಹೋಗಬೇಡಿ. ನನ್ನನ್ನು ಕೇಳಿದರೆ, ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂರುವಾಗ, ಇಳಿಜಾರು ಹತ್ತುವಾಗ ಪಾದ ಬಗ್ಗಲೇಬೇಕು. ಆದರೂ ಇದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಸೊಂಟ

ಕುರ್ಚಿಯ ಅಂಚಿಗೆ ಬಂದು ಕುಳಿತು, ಬಲ ಪಾದದ ಗಂಟನ್ನು ಎಡ ತೊಡೆಯ ಮೇಲೆ ಇಡಿ. ಬೆನ್ನು ನೆಟ್ಟಗಿರಲಿ. ಈಗ ಹೊಟ್ಟೆಯನ್ನು ಕಾಲಿನತ್ತ ಒಯ್ಯುವಂತೆ ಸೊಂಟದಿಂದ ಬಾಗಿ. ಬೆನ್ನು ಗೂನಾಯಿತೆಂದರೆ ಬಗ್ಗುತ್ತಿರುವುದು ಸೊಂಟವಲ್ಲ, ಬೆನ್ನು. 30 ಸೆಕೆಂಡು ಹಿಡಿದು ಕಾಲು ಬದಲಿಸಿ.

ಗಂಟೆಗಟ್ಟಲೆ ಕೂರುವವರಿಗೆ ಸೊಂಟದ ಮುಂಭಾಗ ಬಿಗಿಯುತ್ತದೆ. ಒಂದು ಮಂಡಿ ನೆಲಕ್ಕೆ ಊರಿ, ಇನ್ನೊಂದು ಪಾದ ಮುಂದಿಡಿ. ಊರಿದ ಕಡೆಯ ಪೃಷ್ಠವನ್ನು ಬಿಗಿಹಿಡಿದು ಮೈಯನ್ನು ತುಸು ಮುಂದಕ್ಕೆ ತನ್ನಿ. ಬಿಗಿಹಿಡಿಯದಿದ್ದರೆ ಕೆಳಬೆನ್ನು ಹಿಂದಕ್ಕೆ ಬಾಗಿ, ಎಳೆತವೇ ತಪ್ಪಿಹೋಗುತ್ತದೆ. ಮಂಡಿಯ ಕೆಳಗೆ ಮಡಚಿದ ಟವೆಲ್ ಇರಲಿ.

ಮೇಲ್ಬೆನ್ನು, ಭುಜ

ಕೆಳಬೆನ್ನಿನ 5 ಮೂಳೆಗಳು ತಿರುಗುವುದು ತೀರಾ ಕಡಿಮೆ. ಅಡ್ಡಕ್ಕೆ ತಿರುಗುವ ಕೆಲಸ ಹೆಚ್ಚಾಗಿ ಪಕ್ಕೆಲುಬು ಅಂಟಿರುವ ಮೇಲಿನ 12 ಮೂಳೆಗಳದ್ದು. ಮಂಡಿಗಳ ನಡುವೆ ದಿಂಬು ಒತ್ತಿಹಿಡಿದು ಕುಳಿತರೆ ಸೊಂಟ ತಿರುಗದೆ ನಿಲ್ಲುತ್ತದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಉಸಿರು ಬಿಡುತ್ತಾ ಒಂದು ಕಡೆ ತಿರುಗಿ, ಉಸಿರು ತೆಗೆದುಕೊಳ್ಳುತ್ತಾ ನಡುವಿಗೆ ಬನ್ನಿ. ಎರಡೂ ಕಡೆ ಎಂಟೆಂಟು ಸಲ.

ಭುಜಕ್ಕೆ, ಗೋಡೆಗೆ ಬೆನ್ನು ಕೊಟ್ಟು ನಿಂತು ತೋಳುಗಳನ್ನು ಮುಂದಿನಿಂದ ಮೇಲಕ್ಕೆತ್ತಿ. ಕೆಳಬೆನ್ನು ಗೋಡೆಯಿಂದ ಕಮಾನಿನಂತೆ ಏಳಲು ಶುರುವಾದ ಕಡೆ ನಿಲ್ಲಿಸಿ. ಭುಜ ದಿನೇದಿನೇ ಬಿಗಿಯುತ್ತಾ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ವೈದ್ಯರಿಗೆ ತೋರಿಸದೆ ಜಗ್ಗಾಡಬೇಡಿ.

ಕತ್ತನ್ನು ಗರಗರನೆ ಸುತ್ತಿಸುವುದು ಬೇಡ. ಆ ಭುಜ, ಈ ಭುಜ ಎಂದು ನಿಧಾನ ನೋಡಿದರೆ ಸಾಕು. ಬೆರಳಿಗೆ, ಮುಷ್ಟಿ ಬಿಗಿದು ಅಗಲ ಬಿಚ್ಚುವುದು. ಇನ್ನು ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿಲ್ಲ. ಡೊನಾಲ್ಡ್ ಉಂಗರ್ ಎಂಬ ಅಮೆರಿಕದ ವೈದ್ಯರು 60ಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಗೆ ಮುರಿದು ಎರಡೂ ಕೈ ಹೋಲಿಸಿ ನೋಡಿದರು. ಎರಡರಲ್ಲೂ ಸಂಧಿವಾತ ಇರಲಿಲ್ಲ. 2009ರಲ್ಲಿ ಅವರಿಗೆ ತಮಾಷೆಯ ಇಗ್ ನೊಬೆಲ್ ಪ್ರಶಸ್ತಿಯೂ ಬಂತು.

ಯಾವಾಗ, ಎಷ್ಟು?

ಭಾನುವಾರ ಒಂದು ಗಂಟೆ ಮೈ ಮುರಿದುಕೊಂಡು ಮಾಡುವುದಕ್ಕಿಂತ ದಿನಕ್ಕೆ ಐದು ನಿಮಿಷ ಮೇಲು. ಫೋನಿನಲ್ಲಿ ಮಾತಾಡುವಾಗ ಗೋಡೆಯ ಬಳಿ ನಿಲ್ಲಬಹುದು. ಬೆಳಿಗ್ಗೆ ಎದ್ದ ಕೂಡಲೇ ಎಳೆಯಬೇಡಿ, ನಾಲ್ಕು ಹೆಜ್ಜೆ ಓಡಾಡಿ ಮೈ ಬಿಸಿಯಾಗಲಿ. ಮರುದಿನ ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ನಾಲ್ಕೈದು ವಾರದ ಮೇಲೆ ಗೋಡೆಯ ಬಳಿ ಮತ್ತೆ ಅಳೆಯಿರಿ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಮೊಣಕೈ, ಮಂಡಿ ಹಿಂದಕ್ಕೆ ಬಾಗುವಷ್ಟು ಸಡಿಲ ಕೀಲು ಇರುವವರಿಗೆ ಬೇಕಿರುವುದು ಬಲ, ಇನ್ನಷ್ಟು ಎಳೆತವಲ್ಲ. ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಬೇಕು. ಕೀಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಅನ್ನಿಸಿದರೆ, ಜೊತೆಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಿನ ಬಿಗಿತ ಅರ್ಧ ಗಂಟೆಯಾದರೂ ಬಿಡದೆ, ಕೈಬೆರಳ ಗೆಣ್ಣುಗಳು ಊದಿಕೊಂಡು, ವಾರಗಟ್ಟಲೆ ಹಾಗೇ ಇದ್ದರೆ ಅದು ವ್ಯಾಯಾಮದಿಂದ ಹೋಗುವ ಬಿಗಿತವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತವೇ ಎಂದು ಪರೀಕ್ಷೆ ಮಾಡಿಸಬೇಕು. ಬೇಗ ಔಷಧಿ ಶುರುವಾದಷ್ಟೂ ಕೀಲು ಹಾಳಾಗುವುದು ಕಡಿಮೆ.