ಎರಡು ಲಕ್ಷ ಫೋಟೋಗಳನ್ನು ದಾರಿಗೆ ತಂದದ್ದು

ಶಿರಸಿಯಲ್ಲಿ ಸ್ಟುಡಿಯೋ ಇಟ್ಟುಕೊಂಡ ಯಾರ ಕಂಪ್ಯೂಟರ್ ತೆರೆದರೂ ‘ಹೊಸದು’, ‘ಹೊಸದು 2’, ‘ಹೆಗಡೆಯವರ ಮದುವೆ ಫೈನಲ್’, ‘ಫೈನಲ್ ಕರೆಕ್ಷನ್ ಆದದ್ದು’ ಎಂಬ ಫೋಲ್ಡರುಗಳು ಕಾಣುತ್ತವೆ. ಹೆಗಡೆಯವರು ಎಂದರೆ ಯಾವ ಹೆಗಡೆಯವರು? ನಮ್ಮ ಕಡೆ ಹೆಗಡೆ, ಭಟ್ಟ, ನಾಯ್ಕ ಎಂಬ ಮೂರು ಹೆಸರುಗಳಲ್ಲೇ ಅರ್ಧ ಡಿಸ್ಕ್ ತುಂಬಿಹೋಗುತ್ತದೆ. ಇದನ್ನು ಸರಿಮಾಡಲು ಡಿಜಿಕ್ಯಾಮ್ ಎಂಬ ಫೋಟೋ ವಿಂಗಡಿಸುವ ಸಾಫ್ಟ್‌ವೇರ್ ಹಾಕಿಕೊಳ್ಳುತ್ತೇನೆ ಎಂದಾಗ ಜೊತೆಯವರೆಲ್ಲ ನಕ್ಕರು. ‘ಪುಕ್ಕಟೆ ಸಿಗುವ ಸಾಫ್ಟ್‌ವೇರ್ ನಂಬಿ ಗಿರಾಕಿಗಳ ಫೋಟೋ ಇಡುತ್ತೀಯಾ ಮಾರಾಯಾ?’ ಎಂದು ಕೇಳಿದವರೇ ಈಗ ಮಳೆಗಾಲದ ಬಿಡುವಿನಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಾರೆ.

ಇಲ್ಲಿಗೆ ಬರುವ ಮೊದಲು ದುಡ್ಡು ಸಾಕಷ್ಟು ಕರಗಿತ್ತು. ಫೋಟೋ ಜೋಡಿಸಿಡುವ ಪಿಕಾಸಾ ಇರುವಷ್ಟು ದಿನ ಚಿಂತೆಯಿರಲಿಲ್ಲ, 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಆಮೇಲೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಒಂದನ್ನು ಹಿಡಿದೆ. ಎರಡು ವರ್ಷದಲ್ಲಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು. ಅದರ ಕ್ಯಾಟಲಾಗ್, ಅಂದರೆ ಯಾವ ಫೋಟೋ ಎಲ್ಲಿದೆ ಎಂಬ ಪಟ್ಟಿ, ಒಂದು ಕಡೆ, ಫೋಟೋಗಳು ಇನ್ನೊಂದು ಕಡೆ. ಅಂಗಡಿಯ ಹುಡುಗ ಡಿಸ್ಕಿನಲ್ಲಿ ಜಾಗ ಮಾಡಲೆಂದು ನಾಲ್ಕು ಫೋಲ್ಡರುಗಳನ್ನು ಆಚೀಚೆ ಸರಿಸಿದ, ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ನಂತರ ಒಬ್ಬರನ್ನು ಸಂಬಳಕ್ಕೆ ಕೂರಿಸಿ ಕೈಯಿಂದಲೇ ವಿಂಗಡಿಸಿ ನೋಡಿದೆ. ತಿಂಗಳಿಗೆ ಎಂಟು ಸಾವಿರದಂತೆ ಮೂರು ತಿಂಗಳು ಕೊಟ್ಟರೂ 2014ರ ಮದುವೆ ಸೀಸನ್ ದಾಟಲಿಲ್ಲ.

ಡಿಜಿಕ್ಯಾಮ್ ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಅದರಲ್ಲಿ ಆಲ್ಬಮ್ ಎಂದರೆ ಡಿಸ್ಕಿನ ಮೇಲಿರುವ ಅಸಲಿ ಫೋಲ್ಡರ್. ನಾಳೆ ಆ ಸಾಫ್ಟ್‌ವೇರನ್ನೇ ಕಿತ್ತುಹಾಕಿದರೂ ನನ್ನ ವಿಂಗಡಣೆ ಇದ್ದ ಹಾಗೆಯೇ ಇರುತ್ತದೆ. ಕ್ಯಾಟಲಾಗಿನ ಕೈಯಲ್ಲಿ ಜುಟ್ಟು ಕೊಟ್ಟವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕ್ಯಾಮರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗಲೇ, ಅಂದರೆ ಇಂಪೋರ್ಟ್ ಮಾಡುವಾಗಲೇ ಹೆಸರು ಕೊಟ್ಟು ಮುಗಿಸಬೇಕು. ‘ಆಮೇಲೆ ನೋಡೋಣ’ ಎಂದು ಬಿಟ್ಟದ್ದು ನಮ್ಮ ಕಸುಬಿನಲ್ಲಿ ಎಂದೂ ಆಗುವುದಿಲ್ಲ. ನನ್ನಲ್ಲಿ ಮೊದಲು ವರ್ಷದ ಫೋಲ್ಡರ್, ಅದರೊಳಗೆ ದಿನಾಂಕ, ಸಮಾರಂಭ, ಊರು ಮೂರೂ ಸೇರಿದ ಒಂದು ಹೆಸರು. ‘2023-05-11_ಮದುವೆ_ಹುಲೇಕಲ್’ ಎಂದರೆ ಮುಗಿಯಿತು. ಗಿರಾಕಿಯ ಹೆಸರು ಫೋಲ್ಡರಿಗೆ ಬರುವುದೇ ಇಲ್ಲ, ಅದು ಟ್ಯಾಗ್, ಅಂದರೆ ಹುಡುಕಲು ಫೋಟೋಗೆ ಅಂಟಿಸುವ ಚೀಟಿ. ಒಂದೇ ಮದುವೆಯಲ್ಲಿ ಮದುಮಗಳು ಒಂದು ಮನೆಯವಳು, ಮದುಮಗ ಇನ್ನೊಂದು ಮನೆಯವನು, ದುಡ್ಡು ಕೊಟ್ಟವರು ಸೋದರಮಾವ. ಮೂವರ ಹೆಸರಿನ ಮೂರು ಫೋಲ್ಡರ್ ಮಾಡಿ ಮೂರು ಪ್ರತಿ ಇಡಲು ಡಿಸ್ಕ್ ಧರ್ಮಕ್ಕೆ ಬರುವುದಿಲ್ಲ.

ಕಡತದ ಹೆಸರನ್ನೂ ಆಗಲೇ ಬದಲಿಸಬೇಕು. ಕ್ಯಾನನ್ ಕ್ಯಾಮರಾ ಐಎಂಜಿ_9999 ಮುಗಿದ ಮೇಲೆ ಮತ್ತೆ 0001ಕ್ಕೆ ಇಳಿಯುತ್ತದೆ. ಎರಡು ಕ್ಯಾಮರಾ ಬಾಡಿ ಇಟ್ಟುಕೊಂಡು ಓಡಾಡುವವರಿಗೆ ಒಂದೇ ಸಂಖ್ಯೆಯ ಎರಡು ಫೋಟೋ ಕಟ್ಟಿಟ್ಟದ್ದು. ತೆಗೆದ ದಿನಾಂಕ, ಸಮಯ, ಕ್ಯಾಮರಾಕ್ಕೊಂದು ಅಕ್ಷರ, ಕೊನೆಗೆ ಹಳೆಯ ಸಂಖ್ಯೆ ಎಂದು ಅಚ್ಚು ಹಾಕಿಟ್ಟಿದ್ದೇನೆ. ಆಮೇಲೆ ಒಂದು ಫೋಟೋ ಇನ್ನೊಂದನ್ನು ನುಂಗಿದ್ದಿಲ್ಲ.

ಇಷ್ಟೇ ಆಗಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಸತಾಯಿಸಿದ್ದು ಗಡಿಯಾರ. ಹಳೆಯ ಬಾಡಿಯ ಬ್ಯಾಟರಿಯನ್ನು ಮಳೆಗಾಲವಿಡೀ ಹೊರಗಿಟ್ಟರೆ ಅದರ ಕಾಲವೇ ಹಿಂದಕ್ಕೆ ಓಡುತ್ತದೆ. ಉಪನಯನದ ಫೋಟೋಗಳು ಹತ್ತು ವರ್ಷ ಹಳೆಯ ಫೋಲ್ಡರಿನಲ್ಲಿ ಹೋಗಿ ಕುಳಿತಿದ್ದವು. ಈಗ ಕೆಲಸ ಶುರುವಾಗುವ ಮೊದಲು ಎರಡೂ ಕ್ಯಾಮರಾಗಳಿಂದ ಮೊಬೈಲಿನ ಗಡಿಯಾರವನ್ನು, ಸೆಕೆಂಡು ಕಾಣುವಂತೆ, ಒಂದೊಂದು ಫೋಟೋ ಹೊಡೆಯುತ್ತೇನೆ. ವ್ಯತ್ಯಾಸವೆಷ್ಟು ಎಂದು ಅದರಿಂದ ತಿಳಿಯುತ್ತದೆ. ಡಿಜಿಕ್ಯಾಮಿನಲ್ಲಿ ಸಮಯ ತಿದ್ದುವ ಸಲಕರಣೆ ಇದೆ, ಇಡೀ ಗುಂಪನ್ನು ಒಮ್ಮೆಗೇ ಹಿಂದೆ ಮುಂದೆ ಮಾಡಬಹುದು. ಧಾರೆಯ ಹೊತ್ತಿನಲ್ಲಿ ಎರಡೂ ಕ್ಯಾಮರಾಗಳ ಫೋಟೋಗಳು ಒಂದರ ಹಿಂದೆ ಒಂದು ಸಾಲಾಗಿ ಬಂದಾಗ ಆಲ್ಬಮ್ ಡಿಸೈನ್ ಮಾಡುವವನ ಅರ್ಧ ದಿನ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ತಕರಾರು ಯಕ್ಷಗಾನದ್ದು. ಇಡೀ ರಾತ್ರಿಯ ಆಟ ಹತ್ತು ಗಂಟೆಗೆ ಶುರುವಾದರೆ ಬೆಳಗಿನ ಜಾವಕ್ಕೆ ಮಂಗಳ. ದಿನಾಂಕದ ಲೆಕ್ಕದಲ್ಲಿ ಫೋಲ್ಡರ್ ಮಾಡುವ ಸಾಫ್ಟ್‌ವೇರಿಗೆ ಹನ್ನೆರಡು ಹೊಡೆದರೆ ಹೊಸ ದಿನ. ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗ ಒಂದು ಫೋಲ್ಡರಿನಲ್ಲಿ, ಯುದ್ಧ ಮತ್ತೊಂದರಲ್ಲಿ. ಮೇಳದವರಿಗೆ ಪೂರ್ತಿ ಆಟ ಎಂದು ಕೊಟ್ಟ ಪೆನ್‌ಡ್ರೈವಿನಲ್ಲಿ ಅರ್ಧ ಪ್ರಸಂಗವೇ ಇರುತ್ತಿರಲಿಲ್ಲ. ಈಗ ಆಟ ಶುರುವಾದ ದಿನದ ಫೋಲ್ಡರಿನಲ್ಲೇ ಎಲ್ಲವೂ ತಾನಾಗಿ ಬಂದು ಬೀಳುತ್ತದೆ, ಆದರೂ ಕಡತದ ಮೇಲಿನ ಸಮಯ ಸುಳ್ಳಾಗುವುದಿಲ್ಲ. ಫೋಟೋದೊಳಗಿನ ದಿನಾಂಕ, ಸಮಯದ ದಾಖಲೆಯನ್ನು ಓದಿ ತಿದ್ದುವ ಎಕ್ಸಿಫ್‌ಟೂಲ್ ಬಲ್ಲವರಿಗೆ ಇದು ಹೊಳೆಯಬಹುದು. ನಾನು ಬರೆದುಕೊಂಡ ಆ ಒಂದು ಸಾಲನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಅದಕ್ಕೆ ನನ್ನ ಬಹಳಷ್ಟು ನಿದ್ದೆ ಖರ್ಚಾಗಿದೆ.

ನಡುವೆ ಮುಖ ಗುರುತಿಸುವ ಸೌಲಭ್ಯವನ್ನೂ ಪರೀಕ್ಷಿಸಿದೆ. ಮದುವೆಮನೆಯಲ್ಲಿ ಚೆನ್ನಾಗಿಯೇ ನಡೆಯಿತು. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಫೋಟೋಗಳಿಗೆ ಬಿಟ್ಟಾಗ ತಮಾಷೆ. ಬಣ್ಣ ಹಚ್ಚುವ ಮೊದಲು ಒಬ್ಬ, ಅರ್ಧ ಹಚ್ಚಿದಾಗ ಇನ್ನೊಬ್ಬ, ಕಿರೀಟ ಕಟ್ಟಿದ ಮೇಲೆ ಮೂರನೆಯವನು. ಮಾರಿಕಾಂಬಾ ಜಾತ್ರೆಯಿಲ್ಲದ ವರ್ಷ ಹೋಳಿ ಹಬ್ಬಕ್ಕೆ ಬರುವ ಬೇಡರ ವೇಷದ ಫೋಟೋಗಳಲ್ಲಿ ಇದಕ್ಕೆ ತದ್ವಿರುದ್ಧ. ಬೇರೆ ಬೇರೆ ಕೇರಿಯ ಬೇಡರನ್ನೆಲ್ಲ ಮೀಸೆಯ ದೆಸೆಯಿಂದ ಒಬ್ಬನನ್ನಾಗಿ ಮಾಡಿತು. ಎರಡು ರಾತ್ರಿ ಕಂಪ್ಯೂಟರ್ ಬಿಸಿಯಾದದ್ದೇ ಲಾಭ. ವೇಷಗಳಿಗೆ ಈಗಲೂ ಕೈಯಿಂದಲೇ ಟ್ಯಾಗ್ ಹಾಕುತ್ತೇನೆ.

ಟ್ಯಾಗುಗಳು ಕನ್ನಡದಲ್ಲಿವೆ, ಯೂನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಹೆಸರಿಟ್ಟ ಫೋಲ್ಡರುಗಳು ಬೇರೆ ಕಂಪ್ಯೂಟರಿನಲ್ಲಿ ಗೀಚಿದಂತೆ ಕಾಣುತ್ತಿದ್ದವು, ಅವನ್ನೆಲ್ಲ ಬದಲಿಸಿದೆ. ಒಂದು ಕಡೆ ಪಾಸ್‌ಪೋರ್ಟ್, ಇನ್ನೊಂದು ಕಡೆ ಪಾಸ್ಪೋರ್ಟ್ ಎಂದು ಟೈಪ್ ಮಾಡಿದರೆ ಹುಡುಕುವಾಗ ಎರಡೂ ಬೇರೆ. ಅದಕ್ಕೇ ಹೊಸ ಟ್ಯಾಗ್ ಸೃಷ್ಟಿಸುವ ಅಧಿಕಾರವನ್ನು ಹುಡುಗನಿಗೆ ಕೊಟ್ಟಿಲ್ಲ, ಪಟ್ಟಿಯಿಂದ ಆರಿಸಬೇಕು ಅಷ್ಟೆ. ಡಿಜಿಕ್ಯಾಮಿನ ಡೇಟಾಬೇಸ್ ವೇಗದ ಎಸ್‌ಎಸ್‌ಡಿ ಡಿಸ್ಕಿನಲ್ಲಿದೆ, ಫೋಟೋಗಳು ದೊಡ್ಡ ಡಿಸ್ಕಿನಲ್ಲಿ. ಡೇಟಾಬೇಸ್ ಕೆಟ್ಟರೂ ಉಳಿಯಲೆಂದು ಟ್ಯಾಗುಗಳನ್ನು ಫೋಟೋದ ಪಕ್ಕದಲ್ಲೇ ಇರುವ ಎಕ್ಸ್‌ಎಂಪಿ ಎಂಬ ಪುಟ್ಟ ಕಡತಗಳಲ್ಲೂ ಬರೆಯುವಂತೆ ಮಾಡಿದ್ದೇನೆ. ಇಲ್ಲಿನ ಕರೆಂಟಿನ ಆಟ ಬಲ್ಲವರಿಗೆ ಕಾರಣ ಹೇಳಬೇಕಿಲ್ಲ.

ಲೆಕ್ಕ ಹೇಳುವುದಾದರೆ, ಎರಡು ಹೊಸ ಡಿಸ್ಕುಗಳಿಗೆ ಇಪ್ಪತ್ತು ಸಾವಿರದ ಸುಮಾರು, ಯುಪಿಎಸ್‌ಗೆ ನಾಲ್ಕೈದು ಸಾವಿರ, ಸಾಫ್ಟ್‌ವೇರಿಗೆ ಸೊನ್ನೆ. ಒಂದೇ ತೆರನ ಫೋಟೋಗಳನ್ನು ಹುಡುಕಿಕೊಡುವ ಸೌಲಭ್ಯದಿಂದ ಮುನ್ನೂರು ಜಿಬಿಯಷ್ಟು ಜಾಗ ಬಿಡುವಾಯಿತು. ಫೋಟೋಗಳ ಪ್ರತಿ ಇರುವ ಎರಡನೆಯ ಡಿಸ್ಕ್ ಕುಮಟಾದ ಭಾವನ ಮನೆಯಲ್ಲಿದೆ, ಎರಡು ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಬದಲಾಯಿಸಿ ಬರುತ್ತೇನೆ. ಕರಾವಳಿಯ ಉಪ್ಪುಗಾಳಿಗೆ ಡಿಸ್ಕ್ ಉಳಿಯುವುದೇ ಎಂದು ಕೇಳಿದವರುಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ, ಇದುವರೆಗೆ ಏನೂ ಆಗಿಲ್ಲ.

ಹಾಕಿದ ದುಡ್ಡು ಬಂದದ್ದು ನಾನು ಎಣಿಸದ ದಾರಿಯಿಂದ. ಮನೆಯ ಹಿರಿಯರು ತೀರಿಕೊಂಡಾಗ ಚೌಕಟ್ಟು ಹಾಕಿಸಲು ಒಳ್ಳೆಯ ಫೋಟೋ ಇರುವುದಿಲ್ಲ. ‘ನಮ್ಮ ತಂಗಿಯ ಮದುವೆಯಲ್ಲಿ ನೀವೇ ತೆಗೆದಿದ್ದಿರಲ್ಲ’ ಎಂದು ಬರುತ್ತಾರೆ. ಮೊದಲು ‘ನೋಡಿ ಹೇಳುತ್ತೇನೆ’ ಎಂದು ಸಾಗಹಾಕುತ್ತಿದ್ದೆ. ಈಗ ಊರು, ಅಂದಾಜು ವರ್ಷ ಹೇಳಿದರೆ ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅಜ್ಜನ ಮುಖ ಪರದೆಯ ಮೇಲಿರುತ್ತದೆ. ಪಂಕ್ತಿಯ ಊಟಕ್ಕೆ ಕುಳಿತು ನಗುತ್ತಿರುವ ಫೋಟೋ, ಪಕ್ಕದವರನ್ನು ಕತ್ತರಿಸಿ, ಹಿನ್ನೆಲೆ ಬದಲಿಸಿ ದೊಡ್ಡದು ಮಾಡಿಕೊಟ್ಟರೆ ಸಾವಿರದ ಮೇಲೆ ಕೊಡುತ್ತಾರೆ. ತಿಂಗಳಿಗೆ ನಾಲ್ಕಾರು ಇಂಥವು ಬರುತ್ತವೆ. ಬೇರೆ ಸ್ಟುಡಿಯೋದವರು ‘ನಿನ್ನಲ್ಲಿ ಇದ್ದೀತು ನೋಡು’ ಎಂದು ಕಳಿಸುವುದೂ ಉಂಟು.

ವಾಟ್ಸಾಪಿನಲ್ಲಿ ಬಂದ ಫೋಟೋಗಳಲ್ಲಿ ತೆಗೆದ ಸಮಯದ ದಾಖಲೆ ಅಳಿಸಿಹೋಗಿರುತ್ತದೆ, ಅವಕ್ಕೆ ಪ್ರತ್ಯೇಕ ಫೋಲ್ಡರ್ ಇದೆ, ಮುಖ್ಯ ಸಾಲಿಗೆ ಬಿಟ್ಟುಕೊಳ್ಳುವುದಿಲ್ಲ. ಬಾಕಿ ಉಳಿದಿರುವುದು ಅಪ್ಪನ ಕಾಲದ ನೆಗೆಟಿವ್‌ಗಳು. ಸ್ಕ್ಯಾನ್ ಮಾಡಿದರೆ ಅವುಗಳ ಮೇಲೆ ಸ್ಕ್ಯಾನ್ ಮಾಡಿದ ದಿನಾಂಕ ಬೀಳುತ್ತದೆ, ತೊಂಬತ್ತರ ದಶಕದ ಮಾರಿಕಾಂಬಾ ಜಾತ್ರೆಯೆಲ್ಲ ಈ ವರ್ಷದ ಫೋಲ್ಡರಿಗೆ ಬಂದು ಸೇರುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಆದ್ದರಿಂದ ವರ್ಷ ಊಹಿಸುವುದು ಸ್ವಲ್ಪ ಸುಲಭ. ತೇರಿನ ಸುತ್ತಲಿನ ಅಂಗಡಿಗಳ ಫಲಕ ನೋಡಿ ಅಪ್ಪ ವರ್ಷ ಹೇಳುತ್ತಾರೆ, ನಾನು ದಿನಾಂಕ ತಿದ್ದುತ್ತೇನೆ. ಸದ್ಯ ಮೂರು ಡಬ್ಬಿ ಮುಗಿದಿವೆ, ಅಟ್ಟದ ಮೇಲೆ ಇನ್ನೂ ಹತ್ತು ಹನ್ನೆರಡು ಇವೆ.