ಹೋಗಬೇಕಾದದ್ದು ಮೈಸೂರಿಗೆ, ಆಕಾಶಕ್ಕಲ್ಲ

ಇಬ್ಬರು ಕೂರುವ ತರಬೇತಿ ವಿಮಾನ ಸೆಸ್ನಾ 152ರ ಕೈಪಿಡಿಯ ಪ್ರಕಾರ, ನಿಮಿಷಕ್ಕೆ ಅತಿ ಹೆಚ್ಚು ಅಡಿ ಏರಲು ಸಮುದ್ರಮಟ್ಟದಲ್ಲಿ 67 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗವಿರಬೇಕು, 10,000 ಅಡಿಯಲ್ಲಿ 61. ಕಲಿಯುವಾಗ ಈ ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇ ಬಿಟ್ಟ ಮೇಲೆ ಬೇಕಾದ ಎತ್ತರ ಸಿಗುವವರೆಗೂ, ಅಲ್ಲಿನ ಎತ್ತರಕ್ಕೆ ತಕ್ಕಂತೆ, ವೇಗದ ಮುಳ್ಳನ್ನು 65ರಲ್ಲೇ ಹಿಡಿದು ಕೂರುತ್ತಿದ್ದೆ. ಇರುವುದೇ 110 ಅಶ್ವಶಕ್ತಿ, ಅದರಲ್ಲಿ ಒಂದಿಷ್ಟನ್ನೂ ಪೋಲು ಮಾಡಬಾರದು ಎಂಬ ಲೆಕ್ಕ ನನ್ನದು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಈ ಲೆಕ್ಕ ಕೈಕೊಟ್ಟಿತು. ಬೆಂಗಳೂರಿನ ನೆಲವೇ 3,000 ಅಡಿಯಲ್ಲಿದೆ. ಬಿಸಿಲು 35 ಡಿಗ್ರಿ ಮುಟ್ಟಿದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 6,000 ಅಡಿಯಷ್ಟಾಗುತ್ತದೆ. ಮೂತಿ ಮೇಲಕ್ಕೆತ್ತಿದ್ದರಿಂದ ಎದುರಿಗೆ ಎಂಜಿನ್ ಮುಚ್ಚಳ ಬಿಟ್ಟರೆ ಏನೂ ಕಾಣದು. ಆಯಿಲ್ ಉಷ್ಣಾಂಶದ ಮುಳ್ಳು ಸುರಕ್ಷಿತ ಮಿತಿ ತೋರಿಸುವ ಹಸಿರು ಪಟ್ಟಿಯ ಕೊನೆಗೆ ಸರಿಯುತ್ತಿತ್ತು. ಪಕ್ಕದಲ್ಲಿದ್ದ ಬೋಧಕರು ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ನಾವು ಹೋಗಬೇಕಾದದ್ದು ಮೈಸೂರಿಗೋ, ಆಕಾಶಕ್ಕೋ?"

ಮುಂದಿನ ವಾರ ಗಾಳಿ ಅಲುಗಾಡದ ಒಂದು ಬೆಳಿಗ್ಗೆ ನಾವಿಬ್ಬರೂ ಅಳೆದು ನೋಡಿದೆವು. ಬೋಧಕರ ಕೈಯಲ್ಲಿ ಸ್ಟಾಪ್‌ವಾಚ್, ನನ್ನ ಕೈಯಲ್ಲಿ ವಿಮಾನ. ಪ್ರತಿ ಸಲವೂ ಪೂರ್ತಿ ಥ್ರಾಟಲ್, ಅಂದರೆ ಎಂಜಿನ್ನಿನ ಪೂರ್ತಿ ಶಕ್ತಿ, 3,500ರಿಂದ 5,500 ಅಡಿಗೆ. 65 ನಾಟಿನಲ್ಲಿ 4 ನಿಮಿಷ 45 ಸೆಕೆಂಡ್ ಹಿಡಿಯಿತು. 75ರಲ್ಲಿ 5 ನಿಮಿಷ 30. ಮುಕ್ಕಾಲು ನಿಮಿಷದ ನಷ್ಟ ಎಂದುಕೊಂಡೆ. ಕೆಳಗಿಳಿದು ಕಾಗದದ ಮೇಲೆ ದೂರ ಹಾಕಿ ನೋಡಿದಾಗ ಲೆಕ್ಕ ತಿರುವುಮುರುವಾಯಿತು: 65ರಲ್ಲಿ ಏರಿದವನು ಉಳಿದ ಮುಕ್ಕಾಲು ನಿಮಿಷ ಸಮತಲದಲ್ಲಿ ಓಡಿದರೂ, 75ರಲ್ಲಿ ಏರಿದವನು ಒಂದು ಕಿಲೋಮೀಟರಿಗೂ ಹೆಚ್ಚು ಮುಂದಿರುತ್ತಾನೆ.

ಇದರಲ್ಲಿ ಮಾಟವೇನೂ ಇಲ್ಲ. ಏರಿಕೆಯ ದರ ಗರಿಷ್ಠವಾಗುವ ಜಾಗದಲ್ಲಿ ಅದರ ರೇಖೆ ಗುಡ್ಡದ ನೆತ್ತಿಯಂತೆ ಚಪ್ಪಟೆ. ಅಲ್ಲಿಂದ ಕೆಲವು ನಾಟ್ ಆಚೆ ಸರಿದರೆ ಹೆಚ್ಚೇನೂ ಜಾರುವುದಿಲ್ಲ. ಜೊತೆಗೆ ಇದರ ಪ್ರೊಪೆಲ್ಲರಿನ ಅಲಗುಗಳ ಕೋನ ಬದಲಾಗದು. ವೇಗ ಕಡಿಮೆಯಿದ್ದಾಗ ಅದು ಎಂಜಿನ್ನನ್ನು ಅದುಮಿ ಹಿಡಿಯುತ್ತದೆ, ಮೂತಿ ಇಳಿಸಿದರೆ ಎಂಜಿನ್ ಸುತ್ತು ಏರಿ ಇನ್ನಷ್ಟು ಶಕ್ತಿ ಹೊರಡುತ್ತದೆ. ತಮಾಷೆಯೆಂದರೆ, ದೂರದ ಹಾರಾಟದಲ್ಲಿ ಏರಲು 70ರಿಂದ 80 ನಾಟ್ ಎಂದು ಅದೇ ಕೈಪಿಡಿಯಲ್ಲಿ ಬರೆದೇ ಇತ್ತು. 67ನ್ನು ಬಾಯಿಪಾಠ ಮಾಡಿದವನ ಕಣ್ಣಿಗೆ ಆ ಸಾಲು ಬಿದ್ದಿರಲಿಲ್ಲ.

80ನ್ನೂ ಬಿಡಲಿಲ್ಲ. ಏಳೂವರೆ ನಿಮಿಷ ದಾಟಿತು. ದೂರದಲ್ಲಿ ಸಿಕ್ಕ ಲಾಭ 75ಕ್ಕಿಂತ ಕೆಲವು ನೂರು ಮೀಟರ್, ಅದಕ್ಕಾಗಿ ಪೂರ್ತಿ ಥ್ರಾಟಲ್ ಎರಡು ನಿಮಿಷ ಹೆಚ್ಚು. ಬೇಸಿಗೆಯಲ್ಲಿ ಕೆಳಗಿನ ಕುಲುಕಾಟದ ಗಾಳಿಯಲ್ಲಿ ಅಷ್ಟು ಹೊತ್ತು ಉಳಿಯುವ ಆಸೆ ನನಗಿಲ್ಲ.

ಈಗ ನೆಲದಿಂದ ಸಾವಿರ ಅಡಿ ಏರುವವರೆಗೆ ಅದೇ ಹಳೆಯ 65ರ ವೇಗವೇ. ಎಂಜಿನ್ ಕೈಕೊಟ್ಟರೆ ಆಗ ಬೇಕಾದದ್ದು ಎತ್ತರ, ದೂರವಲ್ಲ. ಆಮೇಲೆ ಮೂತಿ ಇಳಿಸಿ 75ಕ್ಕೆ ಟ್ರಿಮ್ ಮಾಡಿ (ವಿಮಾನ ತಾನಾಗಿ ಆ ವೇಗದಲ್ಲೇ ಉಳಿಯುವಂತೆ ಹೊಂದಿಸಿ), ಸುತ್ತು ಗರಿಷ್ಠವಾಗುವವರೆಗೆ ಮಿಕ್ಸ್ಚರ್, ಅಂದರೆ ಇಂಧನ-ಗಾಳಿಯ ಪ್ರಮಾಣ ಬದಲಿಸುವ ಗುಬ್ಬಿಯನ್ನು, ಹಿಂದೆಳೆಯುತ್ತೇನೆ. ಕೆಳಮುಖದ ಗಾಳಿ ಸಿಕ್ಕು ಏರಿಕೆ ನಿಂತಾಗ ಮೂತಿ ಎತ್ತಲು ಕೈ ಈಗಲೂ ತುರಿಸುತ್ತದೆ. ಎತ್ತಿದರೆ ಆ ಗಾಳಿಯಲ್ಲೇ ಇನ್ನಷ್ಟು ಹೊತ್ತು ತೆವಳಬೇಕಾಗುತ್ತದೆ, ಹಾಗಾಗಿ 75ನ್ನೇ ಹಿಡಿದು ದಾಟಿಬಿಡುತ್ತೇನೆ.